ಜೆಪ್ಪುವಿನ ಹೆಂಚು, ವೇಬರನ ವಾದ

ದುಡಿಮೆಯೇ ದೇವರ ಕರೆ ಎಂಬ ಪ್ರಾಟೆಸ್ಟೆಂಟ್ ನಂಬಿಕೆ ಬಂಡವಾಳಶಾಹಿಗೆ ಬಲ ಕೊಟ್ಟಿತೆಂದು ಮ್ಯಾಕ್ಸ್ ವೇಬರ್ ಬರೆದದ್ದು 1904-05ರಲ್ಲಿ. ಆ ವಾದವನ್ನು ಒರೆಗೆ ಹಚ್ಚಬಹುದಾದ ಊರೊಂದು ನಮ್ಮಲ್ಲೇ ಇದೆ: ಮಂಗಳೂರು.

1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರಿಗೆ ಸೋಮಾರಿತನ ಪಾಪಕ್ಕೆ ಸಮ. ಆದರೆ ಅವರು ಕಾರ್ಖಾನೆ ತೆರೆದದ್ದು ಬರೀ ಭಕ್ತಿಯಿಂದಲ್ಲ. ಮತಾಂತರವಾದವರು ಜಾತಿಯ ಜೊತೆಗೆ ಕುಲಕಸುಬನ್ನೂ ಒಡೆಯರ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದರು. ಶೇಂದಿ ಇಳಿಸುತ್ತಿದ್ದ ಬಿಲ್ಲವರಿಗಂತೂ ಹೊಸ ಸಭೆಯೇ ಆ ಕಸುಬನ್ನು ಬಿಡಿಸುತ್ತಿತ್ತು. ಬಿಡಿಸಿದ ಮೇಲೆ ಹೊಟ್ಟೆಗೆ ದಾರಿ ತೋರಿಸಬೇಡವೇ? ಮೊದಲು ನೇಯ್ಗೆ ಬಂತು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ. ಮಳೆ-ಬಿಸಿಲು ನೋಡಿ ದುಡಿಯುತ್ತಿದ್ದವರಿಗೆ ಗಡಿಯಾರದ ಕೆಲಸ, ಎಣಿಸಿ ಕೊಡುವ ಕೂಲಿ ಹೊಸ ಮತದಷ್ಟೇ ಹೊಸದು.

ಲಾಭದ ಮಾತು ಬೇರೆ. ವೇಬರನ ವರ್ತಕ ಅದನ್ನು ತನ್ನ ವ್ಯಾಪಾರಕ್ಕೇ ಮತ್ತೆ ಹಾಕಿ ಬೆಳೆಯುತ್ತಾನೆ. ಜೆಪ್ಪುವಿನ ಲಾಭ ಮಿಶನ್ನಿನದು; ಹೆಂಚು ಮಾಡಿದವನು ಬಹುಮಟ್ಟಿಗೆ ಕೂಲಿಯವನಾಗಿಯೇ ಉಳಿದ. ಕಾರ್ಖಾನೆಯ ಒಡೆತನಕ್ಕೆ ಪ್ರಾಟೆಸ್ಟೆಂಟ್ ಮನಸ್ಸೇ ಬೇಕೆಂದೂ ಇರಲಿಲ್ಲ. ಮೂರೇ ವರ್ಷದಲ್ಲಿ, 1868ರಲ್ಲಿ, ಕ್ಯಾಥೊಲಿಕ್ ಅಲ್ಬುಕರ್ಕ್ ಮನೆತನ ಹೆಂಚು ಸುಡತೊಡಗಿತು. ಹಿಂದೂ ಉದ್ಯಮಿಗಳೂ ಹಿಂದೆಯೇ ಬಂದರು. ಅದೇ ನದಿಯ ಆವೆಮಣ್ಣು, ಅದೇ ಬಂದರು. ಅವರ ಹೆಂಚುಗಳೂ ಹಡಗೇರಿದವು.