ಹಿಮಾಲಯದ ಹಿಮ ನೋಡಿ ನಮ್ಮ ಮಳೆ ಹೇಳಿದ ಕಾಲ

ಪ್ರತಿ ವರ್ಷ ಏಪ್ರಿಲ್ ನಡುವಿಗೆ ಟಿವಿಯಲ್ಲಿ, ಮೊಬೈಲಿನಲ್ಲಿ ಒಂದೇ ಸುದ್ದಿ: ‘ಈ ಬಾರಿ ಮುಂಗಾರು ವಾಡಿಕೆಯಷ್ಟು’ ಅಥವಾ ‘ವಾಡಿಕೆಗಿಂತ ಕಡಿಮೆ’. ನಂಜನಗೂಡಿನ ಹತ್ತಿ ಹೊಲದವರೂ ತಿ. ನರಸೀಪುರದ ನಾಲೆ ಬಯಲಿನ ಭತ್ತದವರೂ ಅದನ್ನು ಓದುತ್ತಾರೆ. ಬೀಜ ತರಬೇಕೋ, ಸಾಲ ಎತ್ತಬೇಕೋ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಈ ಮುನ್ಸೂಚನೆ ಯಾರಿಗಾಗಿ ಹುಟ್ಟಿತು, ನಮ್ಮ ಎರಡು ತಾಲ್ಲೂಕುಗಳಿಗೆ ಅದು ಎಷ್ಟು ಹೇಳುತ್ತದೆ? ಇದನ್ನು ತಿಳಿಯಲು ಸುಮಾರು 150 ವರ್ಷ ಹಿಂದಕ್ಕೆ ಹೋಗಬೇಕು.

ಅದಕ್ಕೂ ಮೊದಲು ನಮ್ಮಲ್ಲಿ ಇದ್ದದ್ದು ಮಳೆ ನಕ್ಷತ್ರಗಳು. ಸೂರ್ಯ ಒಂದು ನಕ್ಷತ್ರದಲ್ಲಿ ಇರುವ ಹದಿಮೂರು–ಹದಿನಾಲ್ಕು ದಿನಕ್ಕೆ ಒಂದು ಮಳೆಯ ಹೆಸರು. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ ಕೊನೆಗೆ ರೋಹಿಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಭವಿಷ್ಯವಲ್ಲ. ಯಾವ ಹದಿನೈದು ದಿನದ ಮಳೆ ಯಾವ ಕೆಲಸಕ್ಕೆ ಬೇಕು ಎಂದು ಹಿರಿಯರು ಇಟ್ಟುಕೊಂಡ ನೆನಪಿನ ಲೆಕ್ಕ ಅದು. ಭರಣಿಯಲ್ಲಿ ಬಿದ್ದರೆ ಉಳುಮೆಗೆ ಹದ ಸಿಗುತ್ತದೆ, ಅಷ್ಟೇ. ಈ ವರ್ಷ ಬೀಳುತ್ತದೆಯೇ ಎಂಬುದನ್ನು ಗಾದೆ ಹೇಳುವುದಿಲ್ಲ.

ಹಾಗೆ ಮುಂಚಿತವಾಗಿ ಹೇಳಬೇಕೆಂಬ ಒತ್ತಡ ಬಂದದ್ದು ಬರಗಾಲದಿಂದ. 1876–78ರ ಕ್ಷಾಮವನ್ನು ಹಳೇ ಮೈಸೂರು ಸೀಮೆಯಲ್ಲಿ ಧಾತು–ಈಶ್ವರ ಸಂವತ್ಸರದ ಬರ ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಜನ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು ಎಂದರೆ ಊರೂರೇ ಹೇಗೆ ಬರಿದಾಗಿರಬೇಕು, ಯೋಚಿಸಿ.

ಭಾರತದ ಹವಾಮಾನ ಇಲಾಖೆ ಶುರುವಾದದ್ದು ಈ ಬರದ ಹೊಸ್ತಿಲಲ್ಲಿ, 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್. ಬರ ಬರುವುದನ್ನು ಮೊದಲೇ ತಿಳಿಯಬಹುದೇ ಎಂದು ಸರ್ಕಾರ ಕೇಳಿತು. ಬ್ಲಾನ್‌ಫೋರ್ಡ್ ಹಳೆಯ ದಾಖಲೆ ತಿರುವಿ ಒಂದು ನಂಟು ಕಂಡುಕೊಂಡರು. ಚಳಿಗಾಲ ಮತ್ತು ವಸಂತದಲ್ಲಿ ಹಿಮಾಲಯದ ಮೇಲೆ ಹಿಮ ಹೆಚ್ಚು ಬಿದ್ದ ವರ್ಷ, ಬಯಲಿನಲ್ಲಿ ಮುಂಗಾರು ಸೊರಗುತ್ತದೆ ಎಂಬುದು ಅವರ ತರ್ಕ. ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕರಗಲು ಶಾಖ ನುಂಗುತ್ತದೆ. ನೆಲ ಬೇಗ ಕಾಯುವುದಿಲ್ಲ. ನೆಲ ಕಾಯದಿದ್ದರೆ ಸಮುದ್ರದ ತೇವದ ಗಾಳಿಯನ್ನು ಎಳೆಯುವ ಬಲ ಕುಗ್ಗುತ್ತದೆ. 1884ರಲ್ಲಿ ಅವರು ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. 1886ರ ಜೂನ್ 4ರಂದು ಮುಂಗಾರಿನ ಮೊದಲ ದೀರ್ಘಾವಧಿ ಮುನ್ಸೂಚನೆ ಹೊರಬಿತ್ತು. ದೂರದ ಬೆಟ್ಟದ ಹಿಮ ನೋಡಿ ಬಯಲಿನ ಮಳೆ ಹೇಳುವ ಪದ್ಧತಿ ಶುರುವಾದದ್ದು ಹೀಗೆ.

ಹಿಮವೊಂದೇ ಸಾಲದು ಎಂದು ಬೇಗ ಗೊತ್ತಾಯಿತು. 1904ರಲ್ಲಿ ಇಲಾಖೆಯ ಚುಕ್ಕಾಣಿ ಹಿಡಿದ ಗಣಿತಜ್ಞ ಗಿಲ್ಬರ್ಟ್ ವಾಕರ್, ಹಿಮದ ಜೊತೆಗೆ ದೂರದೂರದ ಸಮುದ್ರಗಳ ಗಾಳಿಯೊತ್ತಡವನ್ನೂ ಲೆಕ್ಕಕ್ಕೆ ತಂದರು. ಇಂದು ನಾವು ಎಲ್ ನಿನೊ ಎಂದು ಕೇಳುವ ಮಾತಿನ ಬೇರು ಅಲ್ಲಿದೆ. ಇಷ್ಟಾದರೂ ಲೆಕ್ಕ ತಪ್ಪುವುದು ನಿಂತಿಲ್ಲ. 2002ರಲ್ಲಿ ವಾಡಿಕೆಯ ಮಳೆ ಎಂದು ಹೇಳಿದ್ದರು, ಬಂದದ್ದು ವಾಡಿಕೆಯ ಶೇ 81ರಷ್ಟು. ದೇಶಕ್ಕೆ ಬರ ಬಿತ್ತು.

ಆದರೆ ನಮಗೆ ಸಂಬಂಧಪಟ್ಟ ವಿಷಯ ಲೆಕ್ಕ ತಪ್ಪುವುದಲ್ಲ. ಲೆಕ್ಕ ಸರಿಯಾದರೂ ಅದು ನಮ್ಮ ಊರಿನದಲ್ಲ ಎಂಬುದು. ಏಪ್ರಿಲ್ ಮುನ್ಸೂಚನೆ ಇಡೀ ದೇಶದ ಜೂನ್–ಸೆಪ್ಟೆಂಬರ್ ಮಳೆಯ ಸರಾಸರಿ. ರಾಜಸ್ಥಾನ, ಅಸ್ಸಾಂ, ಕರಾವಳಿ ಎಲ್ಲ ಕೂಡಿಸಿ ಸುಮಾರು 87 ಸೆಂಟಿಮೀಟರ್ ಇದ್ದರೆ ವಾಡಿಕೆ. ನಂಜನಗೂಡು, ತಿ. ನರಸೀಪುರಗಳಲ್ಲಿ ವರ್ಷವಿಡೀ ಬೀಳುವುದೇ 70 ಸೆಂಟಿಮೀಟರ್ ಆಸುಪಾಸು. ಅದರಲ್ಲೂ ಮೈಸೂರು ಸೀಮೆಯಲ್ಲಿ ಮಳೆ ಜೋರಾಗುವುದು ಮೇ ತಿಂಗಳಲ್ಲಿ ಮತ್ತು ಅಕ್ಟೋಬರಿನಲ್ಲಿ. ಜೂನ್, ಜುಲೈನಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಮೋಡ, ಗಾಳಿ, ತುಂತುರು. ಘಟ್ಟದ ಆಚೆ ಸುರಿದ ಗಾಳಿ ಇಲ್ಲಿಗೆ ಬರುವಾಗ ನೀರು ಕಳೆದುಕೊಂಡಿರುತ್ತದೆ. ಅಂದರೆ ನಮ್ಮ ಎರಡು ದೊಡ್ಡ ಮಳೆ ತಿಂಗಳುಗಳೂ ಆ ಮುನ್ಸೂಚನೆಯ ಹೊರಗೇ ಉಳಿಯುತ್ತವೆ. ಭರಣಿ, ಕೃತ್ತಿಕೆಗಳ ಮಳೆ ಅದಕ್ಕೆ ಸೇರಿಲ್ಲ. ಗುಡುಗು ಗಾಳಿಗೆ ಬಾಳೆ ತೋಟ ಮಲಗುವುದೂ ಇದೇ ದಿನಗಳಲ್ಲಿ.

ಹಾಗಾದರೆ ಬೆಟ್ಟದ ಲೆಕ್ಕ ನಮಗೆ ಬೇಡವೇ? ಬೇಕು. ಆದರೆ ನಮ್ಮ ಬೆಟ್ಟ ವಯನಾಡು. ಕಪಿಲೆ ಹುಟ್ಟುವುದು ಅಲ್ಲಿ. ಹೆಗ್ಗಡದೇವನಕೋಟೆ ದಾಟಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಪಾದ ತೊಳೆದು, ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ನಮ್ಮಲ್ಲಿ ತುಂತುರು ಬೀಳುವ ದಿನಗಳಲ್ಲೇ ಅಲ್ಲಿ ಭೋರ್ಗರೆಯುತ್ತಿರುತ್ತದೆ. ವೈತಿರಿ ಕಡೆ ವರ್ಷಕ್ಕೆ 300 ಸೆಂಟಿಮೀಟರ್ ದಾಟುತ್ತದೆ. ಉತ್ತರದ ಬೆಟ್ಟ ಹಿಮವನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಮೆಲ್ಲಗೆ ಬಿಡುತ್ತದೆ. ನಮ್ಮ ಬೆಟ್ಟಕ್ಕೆ ಹಾಗೆ ಹಿಡಿದಿಡಲು ಹಿಮವಿಲ್ಲ, ಜೋರು ಮಳೆಯ ನೀರು ಬೇಗ ಕೆಳಗಿಳಿಯುತ್ತದೆ.

1924ರ ಜುಲೈನಲ್ಲಿ ಕೇರಳದ ಬೆಟ್ಟಗಳ ಮೇಲೆ ಸುರಿದ ಮಳೆ ಅಲ್ಲೂ ಕಾವೇರಿ ಕಣಿವೆಯಲ್ಲೂ ಮಹಾಪ್ರವಾಹ ತಂದಾಗ ಕಪಿಲೆಗೆ ಅಣೆಕಟ್ಟೇ ಇರಲಿಲ್ಲ. ಕಬಿನಿ ಜಲಾಶಯ 1974ರಲ್ಲಿ ಬಂತು. ಅದು ಹಿಡಿಯುವುದು ಸುಮಾರು 19.5 ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ಒಳಹರಿವು ಒಂದು ದಿನ ಬಂದರೆ 8.6 ಟಿಎಂಸಿ. ಹಾಗೆ ಬಂದರೆ ಪೂರ್ತಿ ಖಾಲಿ ಇದ್ದ ಜಲಾಶಯವೂ ಎರಡೂಕಾಲು ದಿನದಲ್ಲಿ ತುಂಬುತ್ತದೆ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು.

2018ನ್ನು ನೋಡಿ. ಏಪ್ರಿಲ್‌ನಲ್ಲಿ ಶೇ 97 ಎಂದರು, ದೇಶಕ್ಕೆ ಬಂದದ್ದು ಶೇ 91. ಲೆಕ್ಕದಲ್ಲಿ ಅದು ಮಳೆ ಕೊರತೆಯ ವರ್ಷ. ಅದೇ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿ ಮೇಲೆ ಕಪಿಲೆ ಹರಿದು ನಂಜನಗೂಡು–ಮೈಸೂರು ಸಂಚಾರ ನಿಂತಿತು. 2019ರಲ್ಲಿ ಜೂನ್ ಒಣಗಿತ್ತು, ಬರದ ಮಾತು ಶುರುವಾಗಿತ್ತು. ಆಗಸ್ಟ್‌ನಲ್ಲಿ ಕಬಿನಿಯಿಂದ ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಂತು. ನದಿ ದಂಡೆಯ ಮನೆಗಳವರು ಗಂಜಿ ಕೇಂದ್ರ ಸೇರಿದರು. ದೆಹಲಿಯ ಸಂಖ್ಯೆ ನೋಡಿ ಇವೆರಡನ್ನೂ ಊಹಿಸಲು ಆಗುತ್ತಿರಲಿಲ್ಲ.

ಹಾಗೆಂದು ಏಪ್ರಿಲ್ ಸುದ್ದಿಯನ್ನು ತಳ್ಳಿಹಾಕಬೇಕಿಲ್ಲ. ದೇಶದ ಧಾನ್ಯ, ಬೆಲೆ, ವಿದ್ಯುತ್ತಿನ ಲೆಕ್ಕಕ್ಕೆ ಅದು ಬೇಕು. ನಮ್ಮ ಬಿತ್ತನೆಗೂ ನಮ್ಮ ಜೀವಕ್ಕೂ ಬೇಕಾದದ್ದು ಬೇರೆ ಎರಡು ಲೆಕ್ಕ. ಒಂದು ಹೊಲದ್ದು: ಏಪ್ರಿಲ್, ಮೇನಲ್ಲಿ ನಮ್ಮ ಹೋಬಳಿಗೆ ಬಿದ್ದ ಮಳೆ, ಮುಂದಿನ ಐದು ದಿನದ ಸೂಚನೆ. 1988ರಲ್ಲಿ ಬರ ನಿಗಾ ಕೋಶವಾಗಿ ಶುರುವಾದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದರ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು. ಇನ್ನೊಂದು ಬೆಟ್ಟದ್ದು: ಜೂನ್‌ನಿಂದ ಆಗಸ್ಟ್‌ವರೆಗೆ ವಯನಾಡಿನ ಮಳೆ, ಕಬಿನಿಯ ಮಟ್ಟ, ಒಳಹರಿವು. ಜಲಾಶಯ ಗರಿಷ್ಠ ಮಟ್ಟವಾದ 2,284 ಅಡಿಗೆ ಹತ್ತಿರವಿದ್ದು ವಯನಾಡಿಗೆ ರೆಡ್ ಅಲರ್ಟ್ ಬಿದ್ದರೆ, ನಮ್ಮೂರಲ್ಲಿ ಬಿಸಿಲಿದ್ದರೂ ಸರಿ, ದಂಡೆಯಲ್ಲಿರುವ ಪಂಪ್‌ಸೆಟ್ಟು, ದನಕರು, ಕಾಗದಪತ್ರಗಳನ್ನು ಅಂದೇ ಮೇಲಕ್ಕೆ ಸಾಗಿಸಿ.