ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ: ಕೇಬಲ್‌ನಿಂದ ಇಂಟರ್ನೆಟ್ ವೀಡಿಯೊಗೆ

ಮುಂಬಯಿಗೆ ಅಂಟಿಕೊಂಡಿರುವ ಈ ನಾಲ್ಕು ಊರುಗಳಲ್ಲಿ ಇಂಟರ್ನೆಟ್ ವೀಡಿಯೊ ಕೇಬಲ್ ಟಿವಿಗೆ ಸಾಟಿಯಾಗಿ ಬೆಳೆದದ್ದು ಹೆಚ್ಚಾಗಿ 2015ರ ನಂತರ. ಇದರಿಂದ ಇಲ್ಲಿನ ಕನ್ನಡಿಗರಿಗೆ ಆದ ದೊಡ್ಡ ಲಾಭವೆಂದರೆ, ಮನೆಯಲ್ಲಿ ಕನ್ನಡ ಚಾನೆಲ್ ಬರಬೇಕೋ ಬೇಡವೋ ಎಂಬುದನ್ನು ಕೇಬಲ್‌ವಾಲಾ ತೀರ್ಮಾನಿಸುವ ಕಾಲ ಮುಗಿಯಿತು.

ಮುಂಬಯಿ ದೂರದರ್ಶನ ಕೇಂದ್ರ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. 1980ರ ದಶಕದಲ್ಲಿ ಮುಂಬಯಿಯ ಬಹುಮಹಡಿ ಕಟ್ಟಡಗಳಲ್ಲಿ ಒಂದು ವಿಸಿಆರ್ ಇಟ್ಟು, ಮನೆಮನೆಗೆ ತಂತಿ ಎಳೆದು ಸಿನಿಮಾ ತೋರಿಸುವ ವ್ಯಾಪಾರ ಶುರುವಾಯಿತು. 1991ರಲ್ಲಿ ಸ್ಟಾರ್, 1992ರಲ್ಲಿ ಝೀ ಬಂದ ಮೇಲೆ ಅದೇ ತಂತಿ ಟೆರೇಸಿನಿಂದ ಟೆರೇಸಿಗೆ ಹಬ್ಬಿತು. 1994ರಲ್ಲಿ ಉದಯ ಟಿವಿ ಹುಟ್ಟಿತಾದರೂ ಈ ಕಡೆಯ ಮನೆಗಳಿಗೆ ಅದು ತಾನಾಗಿ ಬಂದು ಸೇರುವಂತಿರಲಿಲ್ಲ. ಅನಲಾಗ್ ಕೇಬಲ್‌ನಲ್ಲಿ ಪ್ರತಿ ಚಾನೆಲ್‌ಗೂ ಬೇರೆ ಜಾಗ ಬೇಕು, ಆ ಜಾಗಕ್ಕೆ ಮಿತಿ ಇತ್ತು. ಹಿಂದಿ, ಮರಾಠಿ, ಇಂಗ್ಲಿಷ್ ಚಾನೆಲ್‌ಗಳನ್ನು ತುಂಬಿಸಿ ಉಳಿದದ್ದರಲ್ಲಿ ಗುಜರಾತಿಗೆ ಎಷ್ಟು, ದಕ್ಷಿಣದ ಭಾಷೆಗಳಿಗೆ ಎಷ್ಟು ಎಂಬುದು ಕೇಬಲ್‌ವಾಲಾನ ಲೆಕ್ಕ. ಆ ಗಲ್ಲಿಯಲ್ಲಿ ಕನ್ನಡದವರ ಮನೆ ಎಷ್ಟಿವೆ ಎಂದು ಅವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಹೋಟೆಲು, ಬ್ಯಾಂಕು, ಕಾರ್ಖಾನೆಗಳ ಕೆಲಸಕ್ಕೆಂದು ಬಂದ ಕರಾವಳಿ ಮತ್ತು ಉತ್ತರ ಕರ್ನಾಟಕದ ಕುಟುಂಬಗಳು ಕಟ್ಟಡಕ್ಕೊಂದು, ಎರಡು ಎಂಬಂತೆ ಚದುರಿದ್ದವು.

ಉಪಗ್ರಹದಿಂದ ನೇರ ಮನೆಗೆ ಬರುವ ಡಿಟಿಎಚ್ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ ಬಂದವು. ಬಾಲ್ಕನಿಯಲ್ಲಿ ಬುಟ್ಟಿ ಕಟ್ಟಿಸಿಕೊಂಡವರಿಗೆ ಕನ್ನಡ ಸಿಕ್ಕಿತು, ಆದರೆ ಜುಲೈ ತಿಂಗಳ ಜಡಿಮಳೆಗೆ ಸಿಗ್ನಲ್ ಹೋಗಿ ಧಾರಾವಾಹಿ ಅರ್ಧಕ್ಕೇ ನಿಲ್ಲುತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಕಡ್ಡಾಯಗೊಳಿಸಿದ ಕೇಂದ್ರದ ಆದೇಶದ ಎರಡನೆಯ ಹಂತದಲ್ಲಿ ಥಾಣೆ, ಕಲ್ಯಾಣ್-ಡೊಂಬಿವಲಿ, ನವಿ ಮುಂಬಯಿ ಸೇರಿದವು. ಗಡುವು 2013ರ ಮಾರ್ಚ್ 31. ಬೆಂಗಳೂರು, ಮೈಸೂರುಗಳಿಗೂ ಅದೇ ದಿನ. ಕೇಬಲ್ ಡಿಜಿಟಲ್ ಆದದ್ದರಿಂದ ಜಾಗದ ಕೊರತೆ ನೀಗಿತು, ಆದರೆ ಖರ್ಚಿನ ಸಮಸ್ಯೆ ಹಾಗೇ ಉಳಿಯಿತು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂದಾಗ ಮೊದಲ ನೂರು ಚಾನೆಲ್‌ಗಳಿಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ ಪೇ ಚಾನೆಲ್‌ಗಳ ಬೆಲೆ ಬೇರೆ ಎಂದಾಯಿತು. ಅಜ್ಜಿಗೆ ಕನ್ನಡ, ಮಕ್ಕಳಿಗೆ ಹಿಂದಿ ಮತ್ತು ಕಾರ್ಟೂನು, ಎಲ್ಲರಿಗೂ ಕ್ರಿಕೆಟ್ ಬೇಕೆನ್ನುವ ಮನೆಗೆ ಇದು ದುಬಾರಿಯೇ ಬಿದ್ದಿತು.

ಅಷ್ಟರಲ್ಲಿ ಮೊಬೈಲು ದಾರಿ ಬದಲಿಸಿತ್ತು. ನವಿ ಮುಂಬಯಿಯ ಘನ್ಸೋಲಿಯಲ್ಲಿ ನೆಲೆಯಿರುವ ಜಿಯೊ 2016ರ ಸೆಪ್ಟೆಂಬರ್ 5ರಂದು ಸೇವೆ ತೆರೆದು, ಮರುವರ್ಷದ ಮಾರ್ಚ್ ಕೊನೆಯವರೆಗೂ ಡೇಟಾವನ್ನು ಪುಕ್ಕಟೆ ಕೊಟ್ಟಿತು. ಹಾಟ್‌ಸ್ಟಾರ್ 2015ರಲ್ಲಿ, ವೂಟ್ 2016ರಲ್ಲಿ, ಸನ್ ನೆಕ್ಸ್ಟ್ 2017ರಲ್ಲಿ, ಝೀ5 2018ರಲ್ಲಿ ಬಂದು, ಸುವರ್ಣ, ಕಲರ್ಸ್ ಕನ್ನಡ, ಉದಯ, ಝೀ ಕನ್ನಡಗಳ ಕಾರ್ಯಕ್ರಮಗಳೆಲ್ಲ ಫೋನಿಗೆ ಇಳಿದವು. ನೆಟ್‌ಫ್ಲಿಕ್ಸ್ ಕೂಡ 2016ರ ಜನವರಿಯಲ್ಲೇ ಭಾರತಕ್ಕೆ ಬಂದಿತ್ತು, ಆದರೆ ಈ ಮನೆಗಳ ಮಟ್ಟಿಗೆ ದೊಡ್ಡ ಸುದ್ದಿ ಅದಲ್ಲ. ಇಂಟರ್ನೆಟ್‌ನಲ್ಲಿ ಪ್ರತಿ ಮನೆಯೂ ತನಗೆ ಬೇಕಾದದ್ದನ್ನಷ್ಟೇ ತರಿಸಿಕೊಳ್ಳುತ್ತದೆ. ಪಕ್ಕದ ಮನೆಯವರು ಯಾವ ಭಾಷೆಯವರಾದರೇನು!

ನೋಡುವ ಹೊತ್ತೂ ಬದಲಾಯಿತು. ಡೊಂಬಿವಲಿಯಿಂದ ಮುಂಬಯಿಗೆ ಕೆಲಸಕ್ಕೆ ಹೋಗುವವರು ಹಿಂದಿನ ರಾತ್ರಿಯ ಕಂತನ್ನು ಲೋಕಲ್ ಟ್ರೇನಿನಲ್ಲಿ ನೋಡತೊಡಗಿದರು. ಫಾಸ್ಟ್ ಲೋಕಲ್‌ಗಳು ಆಗ ಪಾರ್ಸಿಕ್ ಸುರಂಗದ ಮೂಲಕ ಸಾಗುತ್ತಿದ್ದವು. ಒಂದು ಕಿಲೋಮೀಟರಿಗೂ ಉದ್ದದ ಆ ಕತ್ತಲಲ್ಲಿ ಚಿತ್ರ ತಿರುಗುತ್ತ ನಿಲ್ಲುತ್ತಿತ್ತು. ಬುದ್ಧಿವಂತರು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುತ್ತಿದ್ದರು.

2020ರ ಲಾಕ್‌ಡೌನ್ ಉಳಿದ ಹಿಂಜರಿಕೆಯನ್ನೂ ಕಳೆಯಿತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಆ ಜುಲೈಯಲ್ಲಿ ಥಿಯೇಟರಿಗೆ ಹೋಗದೆ ನೇರ ಪ್ರೈಮ್ ವೀಡಿಯೊದಲ್ಲಿ ತೆರೆಕಂಡವು. ಹೊರನಾಡ ಕನ್ನಡಿಗರಿಗೆ ಇದು ಹೊಸ ಅನುಭವ: ಬೆಂಗಳೂರಿನವರು ನೋಡಿದ ದಿನವೇ ಡೊಂಬಿವಲಿಯವರೂ ಹೊಸ ಕನ್ನಡ ಸಿನಿಮಾ ನೋಡಿದರು. ಯಕ್ಷಗಾನದ ಯೂಟ್ಯೂಬ್ ನೇರಪ್ರಸಾರಕ್ಕೂ ಇಲ್ಲಿನ ಕರಾವಳಿಯವರು ಖಾಯಂ ಪ್ರೇಕ್ಷಕರಾದರು. 2023ರಲ್ಲಿ ಜಿಯೊಸಿನಿಮಾ ಐಪಿಎಲ್ ಅನ್ನು ಉಚಿತವಾಗಿ, ಕನ್ನಡ ವೀಕ್ಷಕ ವಿವರಣೆಯ ಸಮೇತ ತೋರಿಸಿತು.

ಕೇಬಲ್‌ವಾಲಾ ಮಾತ್ರ ಪೂರ್ತಿ ಮಾಯವಾಗಲಿಲ್ಲ. ಎಷ್ಟೋ ಕಡೆ ಅವನೇ ಬ್ರಾಡ್‌ಬ್ಯಾಂಡ್ ಕೊಡುವವನಾದ. ಹಾಥ್‌ವೇ, ಡೆನ್ ಎಂಬ ಎರಡು ದೊಡ್ಡ ಕೇಬಲ್ ಜಾಲಗಳಲ್ಲಿ ಬಹುಪಾಲು ಷೇರು ಖರೀದಿಸುವುದಾಗಿ ರಿಲಯನ್ಸ್ 2018ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು; 2025ರ ಫೆಬ್ರವರಿಯಲ್ಲಿ ಜಿಯೊಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ತಂತಿಯೂ ಆ್ಯಪೂ ಹೀಗೆ ಒಂದೇ ಕೈಗೆ ಬರುತ್ತಿರುವುದು ಗಮನಿಸಬೇಕಾದ ಸಂಗತಿ. ಇತ್ತ ಕನ್ನಡದ ಸ್ವಂತ ವೆಬ್ ಸರಣಿಗಳು ಇಂದಿಗೂ ಬೆರಳೆಣಿಕೆಯಷ್ಟೇ: 2022ರಲ್ಲಿ ವೂಟ್‌ನ ‘ಹಂಬಲ್ ಪೊಲಿಟಿಷಿಯನ್ ನೊಗರಾಜ್’, 2025ರಲ್ಲಿ ಝೀ5ನ ‘ಅಯ್ಯನ ಮನೆ’ ಅಂಥವು. ಆ್ಯಪ್‌ನಲ್ಲೂ ಇಲ್ಲಿನ ಕನ್ನಡಿಗರು ಹೆಚ್ಚಾಗಿ ನೋಡುವುದು ಟಿವಿ ಚಾನೆಲ್‌ಗಳ ಧಾರಾವಾಹಿಗಳನ್ನೇ.