ಊಟಿಯ ಕುದುರೆ ಬಯಲು

ಕಂಬಳದ ಗದ್ದೆ ಕಂಡು ಬೆಳೆದ ಕಾಸರಗೋಡಿನವನು ನಾನು. ಕುದುರೆ ಪಂದ್ಯವನ್ನು ಮೊದಲು ನೋಡಿದ್ದು 1997ರ ಬೇಸಗೆಯಲ್ಲಿ, ಊಟಿಯಲ್ಲಿ, ಸೋದರಮಾವನ ಜೊತೆ. ಕಂಬಳದಲ್ಲಿ ಕೋಣಗಳು ಯಾವ ಮನೆಯವೆಂದು ಕೇಳುತ್ತೇವೆ. ಅಲ್ಲಿ ಎಲ್ಲರ ಬಾಯಲ್ಲೂ ಕುದುರೆಯ ನಂಬರು. ಮಾವ ಐವತ್ತು ರೂಪಾಯಿ ಕಟ್ಟಿ ಸೋತರು.

"ಇದು ಜೂಜಲ್ಲವೇ ಮಾವ?"

"ಅಲ್ಲವೆಂದು ಸುಪ್ರೀಂ ಕೋರ್ಟೇ ಹೇಳಿದೆ. ಅತ್ತೆಗೆ ಮಾತ್ರ ಹೇಳಬೇಡ."

ಮಾವ ಹೇಳಿದ್ದು ನಿಜ. ಪಂದ್ಯ ನಿಲ್ಲಿಸಲು ತಮಿಳುನಾಡು 1974ರಲ್ಲಿ ಕಾಯ್ದೆ ತಂದಿತ್ತು, ಆದರೆ ಇದು ಜಾಣ್ಮೆಯ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತ್ತು. ಆಟವೇನೋ ಗೆದ್ದಿತು, ನೆಲ ಉಳಿಯಲಿಲ್ಲ. ಮದರಾಸು ರೇಸ್ ಕ್ಲಬ್ಬಿನ ಗುತ್ತಿಗೆ 1978ರಲ್ಲೇ ಮುಗಿದಿತ್ತು. 2024ರಲ್ಲಿ ಸರಕಾರ ಸುಮಾರು 52 ಎಕರೆಯನ್ನು ವಶಕ್ಕೆ ಪಡೆಯಿತು.

ಮಾವ ಈಗಿಲ್ಲ. ಅತ್ತೆಗೆ ನಾನಿನ್ನೂ ಹೇಳಿಲ್ಲ.